ಇಂದಿರಾ ಕ್ಯಾಂಟೀನ್: ಹೊಟ್ಟೆ ತುಂಬುತ್ತದೆ, ಸೊಪ್ಪು ಮೊಟ್ಟೆ ಜಾಸ್ತಿ ಬೇಕು

ಬೆಂಗಳೂರಿಗೆ ಇಂದಿರಾ ಕ್ಯಾಂಟೀನ್ ಬೇಕೇ ಬೇಕು. ತಿಂಡಿಗೆ 5 ರೂಪಾಯಿ, ಮಧ್ಯಾಹ್ನದ ಊಟಕ್ಕೆ 10, ರಾತ್ರಿಗೂ 10. 2017ರ ಆಗಸ್ಟ್ 16ರಂದು ಜಯನಗರದಲ್ಲಿ ಮೊದಲು ಶುರುವಾದಾಗ ಇದ್ದ ರೇಟೇ ಇದು. ಮೂರು ಹೊತ್ತೂ ಅಲ್ಲೇ ತಿಂದರೆ 25 ರೂಪಾಯಿ, ಆ ದುಡ್ಡಿಗೆ ಈಗ ದರ್ಶಿನಿಯಲ್ಲಿ ಎರಡು ಕಾಫಿ ಸಿಗುವುದು ಕಷ್ಟ.

ಕ್ಯೂನಲ್ಲಿ ಯಾರಿರುತ್ತಾರೆ ನೋಡಿ. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಸೆಕ್ಯುರಿಟಿಯವರು, ಪೌರಕಾರ್ಮಿಕರು, ಆಟೋದವರು, ಆಸ್ಪತ್ರೆಯಲ್ಲಿ ರೋಗಿ ಜೊತೆ ಉಳಿದವರು. ಇವರಲ್ಲಿ ಎಷ್ಟೋ ಜನರ ರೇಷನ್ ಕಾರ್ಡ್ ಊರಿನಲ್ಲೇ ಇರುತ್ತದೆ, ಅಕ್ಕಿಯನ್ನು ಮನೆಯವರು ಅಲ್ಲೇ ತಗೊಳ್ಳುತ್ತಾರೆ. ಇಲ್ಲೇ ಅಕ್ಕಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ತಗಡಿನ ಶೆಡ್ಡಿನಲ್ಲಿ ಗ್ಯಾಸ್ ಬೇಕು, ಪಾತ್ರೆ ಬೇಕು, ದಿನವಿಡೀ ಸಿಮೆಂಟ್ ಹೊತ್ತು ಬಂದ ಮೇಲೆ ಒಲೆ ಮುಂದೆ ನಿಲ್ಲುವ ಶಕ್ತಿನೂ ಬೇಕು. ಅಂಥವರಿಗೆ ಬೇಯಿಸಿದ ಅನ್ನ ಕೈಗೆ ಸಿಗಬೇಕು. ಇಲ್ಲಿ ಟೋಕನ್ ತಗೊಂಡು ತಟ್ಟೆ ಹಿಡಿದರೆ ಆಯಿತು, ನೀನು ಯಾವೂರು ಅಂತ ಯಾರೂ ಕೇಳುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್‌ಗಳೆಲ್ಲ ಬಾಗಿಲು ಹಾಕಿದ್ದಾಗ ಇದರ ಬೆಲೆ ಊರಿಗೆಲ್ಲ ಗೊತ್ತಾಯಿತು.

ರುಚಿ ವಿಷಯಕ್ಕೆ ಬರೋಣ. ತಿಂಡಿ ಚೆನ್ನಾಗಿದೆ. ಇಡ್ಲಿ ಮೆತ್ತಗೆ, ಖಾರಾಬಾತ್‌ ಬಿಸಿ. ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ ಗಾಡಿಯಲ್ಲಿ ತರುವ ಊಟಕ್ಕೆ ಮನೆ ಒಗ್ಗರಣೆಯ ಘಮ ಇರುವುದಿಲ್ಲ, ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಮಧ್ಯಾಹ್ನ ನನ್ನ ಪಕ್ಕ ನಿಂತಿದ್ದವರು ಅನ್ನವನ್ನು ತಟ್ಟೆಯ ಒಂದು ಬದಿಗೆ ಒತ್ತಿ, ನಡುವೆ ಗುಂಡಿ ಮಾಡಿ, 'ಅಣ್ಣಾರ, ಇನ್ನೊಂಚೂರು ಸಾರು ಹಾಕ್ರಿ' ಅಂದರು. ಬಡಿಸುವವರು ಗೊಣಗದೆ ಎರಡು ಸೌಟು ಹಾಕಿದರು. ಈ ಮರ್ಯಾದೆಗೆ ನನ್ನ ಪೂರ್ತಿ ಅಂಕ.

ಆದರೆ ತಟ್ಟೆ ತುಂಬ ಅಕ್ಕಿಯದೇ ಕಾರುಬಾರು. ಬೆಳಿಗ್ಗೆ ಚಿತ್ರಾನ್ನ ಅಥವಾ ಪೊಂಗಲ್, ಮಧ್ಯಾಹ್ನ ಅನ್ನ ಸಾಂಬಾರ್, ಮೇಲೆ ಮೊಸರನ್ನ, ರಾತ್ರಿ ಮತ್ತೆ ಅನ್ನ. ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಸಾಂಬಾರಿನ ನಾಲ್ಕು ಹೋಳು ಮೂಲಂಗಿ ಅದಕ್ಕೆ ಎಲ್ಲಿ ಸಾಕಾಗುತ್ತದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ನಾನು ನೋಡಿದ ಕ್ಯೂನಲ್ಲಿ ಹೆಂಗಸರೇ ಕಡಿಮೆ. ನಿಂತು ತಿನ್ನುವ ಜಾಗ, ಕಂಕುಳಲ್ಲಿ ಮಗು ಇದ್ದರೆ ತಟ್ಟೆ ಹಿಡಿಯುವುದು ಹೇಗೆ? ಒಂದು ಬೆಂಚು ಹಾಕಿದರೂ ಎಷ್ಟೋ ಅನುಕೂಲ ಆಗುತ್ತದೆ.

ಹೊಸ ಮೆನುವಿಗೆ ರಾಗಿಮುದ್ದೆ, ಸೊಪ್ಪಿನ ಸಾರು ಸೇರಿಸಿದ್ದು ಬಹಳ ಒಳ್ಳೆಯ ಕೆಲಸ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ 10 ಕೂಡ ಇಲ್ಲ. ಇದು ಎಲ್ಲ ಕ್ಯಾಂಟೀನ್‌ನಲ್ಲೂ ದಿನಾ ಸಿಗಬೇಕು. ಮತ್ತೆ ಮೊಟ್ಟೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ, ಅದೇ ಪದ್ಧತಿ ಇಲ್ಲಿ ಯಾಕೆ ಬೇಡ? ಬೇರೆ ಟೋಕನ್ ಮಾಡಿ, 5 ರೂಪಾಯಿ ಇಡಿ, ಬೇಕಾದವರು ತಗೊಳ್ಳಲಿ. ಇದಕ್ಕೆಲ್ಲ ದುಡ್ಡು ಬೇಕು ನಿಜ. ಗುತ್ತಿಗೆದಾರರ ಬಿಲ್ ಬಾಕಿ ಉಳಿದು ಕೆಲವು ಕಡೆ ಊಟ ನಿಂತ ಸುದ್ದಿ ಪೇಪರಿನಲ್ಲಿ ಬಂದಿತ್ತಲ್ವಾ, ಮೊದಲು ಆ ಬಿಲ್ ಸಮಯಕ್ಕೆ ಸರಿಯಾಗಿ ಕೊಡಬೇಕು. ಕ್ಯಾಂಟೀನ್ ಒಂದು ದಿನ ಮುಚ್ಚಿದರೆ ಕೂಲಿಯವರು ಬನ್ನು ಟೀಯಲ್ಲಿ ದಿನ ದೂಡುತ್ತಾರೆ.

ಕೈಯಲ್ಲಿ ದುಡ್ಡಿದ್ದವರೂ ಒಮ್ಮೆ ಹೋಗಿ ತಿಂದು ನೋಡಿ. ಮಧ್ಯಾಹ್ನವಾದರೆ ಸ್ವಲ್ಪ ಬೇಗ ಹೋಗಿ, ಮುದ್ದೆ ಇದ್ದ ದಿನ ಮುದ್ದೆಯನ್ನೇ ಕೇಳಿ, ಇಲ್ಲದಿದ್ದರೆ ಯಾಕಿಲ್ಲ ಅಂತಲೂ ಕೇಳಿ.