ಬಿ.ಎ. ಇತಿಹಾಸ, ಚಿತ್ರದುರ್ಗ: ಮೂರು ವರ್ಷ ಓದಿದವಳ ಅಭಿಪ್ರಾಯ

2021ರಲ್ಲಿ ಸೇರಿದೆ, 2024ರಲ್ಲಿ ಮುಗಿಸಿದೆ. ಕಾಲೇಜಿನ ಹೆಸರು ಬರೆಯಲ್ಲ. ಊರು ಚಿತ್ರದುರ್ಗ, ಡಿಗ್ರಿ ದಾವಣಗೆರೆ ವಿಶ್ವವಿದ್ಯಾಲಯದ್ದು. ಈಗ ತಂಗಿಗೆ ಸೀಟು ಹುಡುಕುತ್ತಿದ್ದೇವೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿಯ) ಮೊದಲ ಬ್ಯಾಚು. ಆಗ ಪೇಪರಿಗೆ 100 ಅಂಕ ಅಂದ್ರೆ 60 ಪರೀಕ್ಷೆಗೆ, 40 ಇಂಟರ್ನಲ್ಸಿಗೆ, ಅಂದ್ರೆ ಕಾಲೇಜಿನಲ್ಲೇ ಕೊಡೋ ಅಂಕಕ್ಕೆ. ಆ 40 ಇಟ್ಟಿದ್ದೇ ಮಕ್ಕಳು ಕೈಯಾರೆ ಏನಾದ್ರೂ ಮಾಡಿ ಕಲಿಯಲಿ ಅಂತ. ನಮ್ಮಲ್ಲಿ ಅದು ಬರೀ ಅಸೈನ್‌ಮೆಂಟ್ ಆಯಿತು. ಒಬ್ಬಳು ಗೈಡ್ ನೋಡಿ ಬರೆಯುತ್ತಿದ್ದಳು, ಉಳಿದವರು ಅವಳದನ್ನು ನೋಡಿ. ಮೌರ್ಯರ ಬಗ್ಗೆ 12 ಪುಟ ಬರೆದೆ. ಇವತ್ತು ಒಂದು ಸಾಲೂ ನೆನಪಿಲ್ಲ.

2023ರ ಕೊನೆಗೆ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಅಂತ ಮುಷ್ಕರಕ್ಕೆ ಕೂತರು. ಅವರು ಕೇಳಿದ್ದು ನ್ಯಾಯವಾಗಿತ್ತು. ಆದ್ರೆ ನಮಗೆ ಪಾಠ ಮಾಡುತ್ತಿದ್ದವರಲ್ಲಿ ಜಾಸ್ತಿ ಜನ ಅವರೇ. ವಾರಗಟ್ಟಲೆ ಕ್ಲಾಸಿಲ್ಲ.

ಅವರಲ್ಲೇ ಒಬ್ಬ ಸರ್ ಒಂದು ಶನಿವಾರ ನಮ್ಮನ್ನು ಊರ ಪಕ್ಕದ ಚಂದ್ರವಳ್ಳಿಗೆ ಕರೆದುಕೊಂಡು ಹೋದರು. ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ, ಆಟೋ ದುಡ್ಡು ಎಲ್ಲರೂ ಸೇರಿ ಹಾಕಿದೆವು. ಭೈರವೇಶ್ವರ ಗುಡಿ ಹತ್ತಿರ ಬಂಡೆ ಮೇಲೆ ಕದಂಬರ ದೊರೆ ಮಯೂರಶರ್ಮನ ಶಾಸನ ಇದೆ ಅಲ್ವಾ? ಚಿಕ್ಕಂದಿನಿಂದ ಎಷ್ಟು ಸಲ ಅದರ ಪಕ್ಕದಲ್ಲೇ ಸುಮ್ನೆ ದಾಟಿ ಹೋಗಿದ್ದೆನೋ. ಸರ್ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರು. ಸವೆದ ಗೆರೆಗಳಲ್ಲಿ ನೆರಳು ಕೂತು ಅಕ್ಷರ ಕಾಣಿಸಿತು. "ಕೆರೆ ಕೆಲಸ ಮಾಡಿಸಿದ್ದನ್ನ ಇಲ್ಲಿ ಬರೆಸಿದ್ದಾನೆ. ಹಾಗಾದ್ರೆ ಕೆರೆ ಎಲ್ಲಿರಬೇಕು? ನೀವೇ ನೋಡಿ ಹೇಳ್ರಮ್ಮ" ಅಂದರು. ಗುಡ್ಡದ ನೀರು ಎಲ್ಲಿ ಇಳಿಯುತ್ತೆ, ಏರಿ ಎಲ್ಲಿ ಹಾಕಿದ್ರೆ ನಿಲ್ಲುತ್ತೆ ಅಂತ ಒಂದು ಗಂಟೆ ಓಡಾಡಿದೆವು, ಜಗಳವಾಡಿದೆವು. 1947ರಲ್ಲಿ ಪುರಾತತ್ವ ತಜ್ಞ ವೀಲರ್ ಇಲ್ಲಿ ಅಗೆಸಿದ್ದು, ಈ ಮಣ್ಣಲ್ಲಿ ರೋಮಿನ ನಾಣ್ಯ ಸಿಕ್ಕಿದ್ದು, ಎಲ್ಲ ಅಲ್ಲೇ ನಿಂತು ಕೇಳಿದ್ದು. ಅದನ್ನು ಬಾಯಿಪಾಠ ಮಾಡಲೇ ಇಲ್ಲ, ಮರೆತೂ ಇಲ್ಲ.

ಬ್ರಹ್ಮಗಿರಿಗೂ ಕಳಿಸಿ ಅಂತ ಕಾಲೇಜಿಗೆ ಅರ್ಜಿ ಕೊಟ್ಟೆವು. ಅಶೋಕನ ಶಾಸನ ನಮ್ಮದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿದೆ. "ಪೋರ್ಷನ್ ಮುಗಿದಿಲ್ಲ" ಅಂದರು. ನನಗೆ ಇವತ್ತಿಗೂ ಅದೇ ಬೇಜಾರು.

5ರಲ್ಲಿ 2 ಸ್ಟಾರ್ ಕೊಡುತ್ತೇನೆ, ಎರಡೂ ಆ ಸರ್‌ಗೆ. ಸೇರುವವರು ಗೇಟಿನ ರ‍್ಯಾಂಕ್ ಫ್ಲೆಕ್ಸ್ ನೋಡಿ ಹಣ ಕಟ್ಟಬೇಡಿ. ಇಂಟರ್ನಲ್ಸಿಗೆ ಏನು ಮಾಡಿಸ್ತೀರಿ ಅಂತ ಕೇಳಿ. ತಂಗಿಗಾಗಿ ಮೂರು ಕಡೆ ಕೇಳಿದೆವು. ಒಂದು ಕಡೆ ಮಾತ್ರ ಮೇಡಂ ಬೀರು ತೆಗೆದು ಹೋದ ವರ್ಷದ ಮಕ್ಕಳ ಫೀಲ್ಡ್ ನೋಟ್‌ಬುಕ್ ತೋರಿಸಿದರು. ಅಲ್ಲಿಗೇ ಅರ್ಜಿ ಹಾಕಿದ್ದೇವೆ.