ಬ್ಲೇಜಾರ್ ನೋಡೋಕೆ ಯಾವ್ದು ವಾಸಿ: ಫರ್ಮಿನಾ, ಅಸಾಸಿನ್ನಾ, ನಮ್ಮ ಎಂಟಿಂಚಿನ ಟೆಲಿಸ್ಕೋಪಾ?

ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ಬ್ಲೇಜಾರ್ ಹಿಡ್ಕೊಂಡು ಕೂತು ಆರು ತಿಂಗ್ಳಾಯ್ತು ನೋಡ್ರಿ, ದಾವಣಗೆರೆ ರೂಮಲ್ಲಿ ಒಂದು ಹಳೇ ಲ್ಯಾಪ್‌ಟಾಪು, ಅದೇ ನನ್ನ ಲ್ಯಾಬು. ಗ್ಯಾಲಕ್ಸಿ ನಡುವಿನ ಕಪ್ಪುರಂಧ್ರದಿಂದ ಚಿಮ್ಮೋ ಜೆಟ್ಟು ಹೆಚ್ಚುಕಮ್ಮಿ ನಮ್ಮ ಮುಖಕ್ಕೇ ತಿರುಗಿದ್ರೆ ಅದು ಬ್ಲೇಜಾರ್. ಜೆಟ್ ಬುಡ ನಮಗೆ ಬರೀ ಚುಕ್ಕಿ, ಹಂಗಾಗಿ ಬೆಳಕಿನ ಏರಿಳಿತದಲ್ಲೇ ಎಲ್ಲ ಓದ್ಕೋಬೇಕು. ಒಂದೇ ದಿನಕ್ಕೆ ಡಬಲ್ ಆಯ್ತು ಅಂದ್ರೆ ಆ ಜಾಗದ ಅಳತೆ ಬೆಳಕು ಒಂದು ದಿನ ಓಡೋ ದೂರದ ಲೆಕ್ಕದಲ್ಲೇ ಸಿಗುತ್ತೆ, ಸುಮಾರು 2,590 ಕೋಟಿ ಕಿಮೀ, ಅದನ್ನ ಡಾಪ್ಲರ್ ಫ್ಯಾಕ್ಟರಿಂದ (ಜೆಟ್ಟು ಬೆಳಕಿನ ವೇಗದ ಹತ್ರ ನಮ್ಮ ಕಡೆಗೇ ಓಡೋದ್ರಿಂದ ಏರಿಳಿತ ಬೇಗ ಆದಂಗೆ ಕಾಣುತ್ತಲ್ಲ, ಅದರ ಲೆಕ್ಕ) ಗುಣಿಸ್ಬೇಕು ಅಷ್ಟೇ.

ಮೊದ್ಲು ಫರ್ಮಿ, ನಾಸಾದ ಬಾಹ್ಯಾಕಾಶ ಟೆಲಿಸ್ಕೋಪು. 2008ರಿಂದ ಮೇಲೆ ಸುತ್ತುತ್ತಾ ಐತೆ, ಮೂರು ಗಂಟೆಗೊಮ್ಮೆ ಹೆಚ್ಚುಕಮ್ಮಿ ಇಡೀ ಆಕಾಶ ಗಾಮಾ ಕಿರಣದಲ್ಲಿ ನೋಡಿ ಮುಗಿಸುತ್ತೆ, ಮೋಡ ಬೆಳದಿಂಗಳ ಕಾಟ ಇಲ್ಲ. 1,500ಕ್ಕೂ ಹೆಚ್ಚು ಮೂಲಗಳ ಲೈಟ್‌ಕರ್ವ್ (ಹೊಳಪು ದಿನ ಕಳೆದಂಗೆ ಹೆಂಗೆ ಏರಿಳೀತು ಅನ್ನೋ ಗ್ರಾಫು) ರೆಡಿ ಮಾಡಿ ಇಟ್ಟವ್ರೆ, ಮೂರು ದಿನ, ವಾರ, ತಿಂಗಳ ಲೆಕ್ಕದಲ್ಲಿ. ಆದ್ರೆ ಫೋಟಾನು ಕಮ್ಮಿ ಬಂದ ವಾರದಲ್ಲಿ ಅಳತೆ ಇರಲ್ಲ, 'ಇದಕ್ಕಿಂತ ಹೆಚ್ಚಿಲ್ಲ' ಅನ್ನೋ ಮಿತಿ ಮಾತ್ರ ಕೊಟ್ಟಿರ್ತಾರೆ, ನಾನು ಅದನ್ನೂ ನಿಜವಾದ ಪಾಯಿಂಟು ಅನ್ಕೊಂಡು ಗೆರೆ ಎಳೆದು ಗೈಡ್ ಸರ್‌ಗೆ ತೋರಿಸಿದೆ, ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು, ಮಾತೇ ಆಡ್ಲಿಲ್ಲ.

ಅಸಾಸಿನ್ (ASAS-SN) ಅಂದ್ರೆ ನೆಲದ ಮೇಲಿಂದಲೇ ಆಕಾಶ ಕಾಯೋ 14 ಸೆಂಮೀ ಲೆನ್ಸುಗಳ ಸಾಲು, ಮಾಮೂಲಿ ಬೆಳಕಲ್ಲಿ, ಮೋಡ ಅಡ್ಡ ಬರದಿದ್ರೆ ದಿನಾ ರಾತ್ರಿ. ಆಕಾಶದಲ್ಲಿ ಎಲ್ಲಿ ಅಂತ ವಿಳಾಸ ಕೊಟ್ರೆ ಡೇಟಾ ಬರುತ್ತೆ, ಬೆಣ್ಣೆ ದೋಸೆ ಪಾರ್ಸಲ್ ಬರೋ ಹೊತ್ತಿಗೆ ಫೈಲು ಕೈಲಿ. ಮರ್ಕಾರಿಯನ್ 421 ಅನ್ನೋ ಬ್ಲೇಜಾರ್‌ಗೆ ಮಾತ್ರ ಇದನ್ನ ನಂಬಬೇಡಿ, ಪಕ್ಕದಲ್ಲೇ ಎರಡು ಆರ್ಕ್‌ಮಿನಿಟ್ ದೂರಕ್ಕೆ 6ನೇ ಮ್ಯಾಗ್ನಿಟ್ಯೂಡಿನ (ಹೊಳಪಿನ ಅಳತೆ, ಅಂಕಿ ಕಮ್ಮಿ ಆದಷ್ಟೂ ಹೊಳಪು ಜಾಸ್ತಿ) ನಕ್ಷತ್ರ ಕೂತು ಪಾಯಿಂಟೆಲ್ಲ ಚೆಲ್ಲಾಪಿಲ್ಲಿ ಮಾಡುತ್ತೆ. ಬಿಎಲ್ ಲ್ಯಾಸರ್ಟೆ ಅನ್ನೋ ಇನ್ನೊಂದು ಬ್ಲೇಜಾರ್‌ಗೆ ಅಂದ್ರೆ ಚಿನ್ನ, 2020-21ರಲ್ಲಿ ಅದು ಕೆರಳಿದಾಗ ಫರ್ಮಿದು ಇದರದು ಎರಡೂ ಒಂದರ ಮೇಲೊಂದು ಇಟ್ಟೆ, ಜೊತೆಗೇ ಏರ್ತವೆ, ಅಂದ್ರೆ ಎರಡಕ್ಕೂ ಬೇರು ಜೆಟ್ಟಲ್ಲೇ ಐತೆ ಅಂತ ಅರ್ಥ. 3ಸಿ 273 ಅನ್ನೋ ಬ್ಲೇಜಾರ್ ಹಂಗಲ್ಲ, ಗಾಮಾದಲ್ಲಿ ಕುಣಿದ್ರೂ ಮಾಮೂಲಿ ಬೆಳಕಲ್ಲಿ ಅಲ್ಲಾಡೋದು ಕಮ್ಮಿ, ಯಾಕಂದ್ರೆ ಅಲ್ಲಿ ಕಾಣೋದು ಹೆಚ್ಚಾಗಿ ರಂಧ್ರದ ಸುತ್ತ ಸುತ್ತೋ ಬಿಸಿ ತಟ್ಟೆಯ ಬೆಳಕು. ಇದು ಗೊತ್ತಾಗೋಕೆ ನನಗೆ ಎರಡು ತಿಂಗಳು ಹಿಡೀತು.

ಇನ್ನು ನಮ್ಮ ಎಂಟಿಂಚಿಂದು. ಮಾರ್ಚಲ್ಲಿ ಚಿತ್ರದುರ್ಗದ ಹತ್ರ ಗೆಳೆಯನ ಹೊಲಕ್ಕೆ ಬಸ್ಸಲ್ಲಿ ಹೊತ್ಕೊಂಡು ಹೋದ್ವಿ, ಗಾಳಿ ಅಂದ್ರೆ ಗಾಳಿ, ಸುಮ್ನೆ ಅಲ್ಲಿ ವಿಂಡ್‌ಮಿಲ್ ನೆಟ್ಟಿಲ್ಲ, ಟ್ಯೂಬು ನಡುಗ್ತಾನೇ ಇತ್ತು. 3ಸಿ 273 ಸಿಗೋಕೆ ಒಂದೂವರೆ ಗಂಟೆ, 13ನೇ ಮ್ಯಾಗ್ನಿಟ್ಯೂಡು. ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಅಂದಾಜು ಬರೆದ್ವಿ, ನಂದು 12.8, ಅವನದು 13.1, ಒಂದೇ ರಾತ್ರಿ! ಡೇಟಾ ಅಂತ ಇದನ್ನ ಯಾರೂ ತಗೊಳ್ಳಲ್ಲ.

ಅದಕ್ಕೇ ಥೀಸಿಸ್‌ಗೆ ಹಾಕಿದ್ದು ಫರ್ಮಿ ವಾರದ್ದು, ಜೊತೆಗೆ ಬಿಎಲ್ ಲ್ಯಾಸರ್ಟೆಗೆ ಮಾತ್ರ ಅಸಾಸಿನ್. ಆದ್ರೂ ಆ ರಾತ್ರಿ ಹೊಲದಲ್ಲಿ ಗೆಳೆಯನ ಅಪ್ಪ ಬಂದು 3ಸಿ 273 ಬಗ್ಗಿ ನೋಡಿ 'ಇಷ್ಟೇನಾ ಚುಕ್ಕಿ' ಅಂದ್ರು, ಇನ್ನೂರು ಕೋಟಿ ವರ್ಷ ಹಳೇ ಬೆಳಕು ಅಂಕಲ್ ಅಂದೆ, ಮತ್ತೆ ಬಗ್ಗಿದ್ರು, ಹತ್ತು ನಿಮಿಷ ಎದ್ದೇಳ್ಲಿಲ್ಲ.