ಪಿಸ್ಟನ್ ಮಾದರಿಯ ಡಿಫರೆನ್ಷಿಯಲ್ ಪ್ರೆಷರ್ ಗೇಜ್: ಆಯಿಲ್ ಫಿಲ್ಟರ್ ಮೇಲೆ ಎರಡು ವರ್ಷ ಬಳಸಿ ನೋಡಿದ ಮೇಲೆ

ಲೂಬ್ರಿಕೇಷನ್ ಆಯಿಲ್ ಫಿಲ್ಟರಿನ ಹಿಂದೊಂದು ಮುಂದೊಂದು ಸಾಮಾನ್ಯ ಪ್ರೆಷರ್ ಗೇಜ್ ಕೂರಿಸಿ, ಒಂದರ ಅಂಕಿಯಿಂದ ಇನ್ನೊಂದನ್ನು ಕಳೆದು, ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಎಂದು ಅಂದಾಜು ಮಾಡುವ ಪದ್ಧತಿ ನಮ್ಮಲ್ಲಿ ಬಹುಕಾಲ ನಡೆದಿತ್ತು. ಮೇಲ್ನೋಟಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ 0–10 ಬಾರ್ ವ್ಯಾಪ್ತಿಯ, ಶೇ 1.6 ನಿಖರತೆಯ ಗೇಜ್ ಒಂದರಲ್ಲೇ 0.16 ಬಾರ್‌ನಷ್ಟು ದೋಷವಿರಬಹುದು. ಎರಡರ ದೋಷವೂ ವಿರುದ್ಧ ದಿಕ್ಕಿಗೆ ಬಿದ್ದರೆ ಅದು 0.32 ಬಾರ್ ಆಗುತ್ತದೆ. ಹೊಸ ಎಲಿಮೆಂಟ್ (ಫಿಲ್ಟರಿನೊಳಗಿನ ಸೋಸುವ ಭಾಗ) ಹಾಕಿದಾಗಿನ ಒತ್ತಡ ವ್ಯತ್ಯಾಸವೇ 0.2 ಬಾರ್ ಇರುವಲ್ಲಿ ಇಂಥ ಲೆಕ್ಕವನ್ನು ನಂಬಿ ಕೆಲಸ ಮಾಡುವಂತಿಲ್ಲ. ಆದ್ದರಿಂದ ಎರಡು ಬದಿಯ ಒತ್ತಡಗಳ ವ್ಯತ್ಯಾಸವನ್ನೇ ನೇರವಾಗಿ ತೋರಿಸುವ, 0–1.6 ಬಾರ್ ವ್ಯಾಪ್ತಿಯ ಈ ಡಿಫರೆನ್ಷಿಯಲ್ ಗೇಜನ್ನು ತರಿಸಿದೆವು. ಶೇ 2 ನಿಖರತೆಯೆಂದರೂ ಇದರ ದೋಷ 0.032 ಬಾರ್ ದಾಟುವುದಿಲ್ಲ.

ಒಳಗಿನ ರಚನೆ ಸರಳ. ಹೆಚ್ಚು ಒತ್ತಡದ ಬದಿಯ ಎಣ್ಣೆ ಪಿಸ್ಟನ್ನನ್ನು ಸ್ಪ್ರಿಂಗಿನ ಎದುರು ತಳ್ಳುತ್ತದೆ. ಪಿಸ್ಟನ್ನಿನಲ್ಲಿರುವ ಅಯಸ್ಕಾಂತವು ಗೋಡೆಯ ಆಚೆಗಿರುವ ಮುಳ್ಳನ್ನು ತಿರುಗಿಸುತ್ತದೆ. ಎಣ್ಣೆಗೂ ಡಯಲ್‌ಗೂ ನೇರ ಸಂಪರ್ಕವೇ ಇಲ್ಲದ ಕಾರಣ, ಎರಡು ವರ್ಷವಾದರೂ ಗಾಜಿನ ಒಳಗೆ ಎಣ್ಣೆಯ ಒಂದು ಕಲೆಯೂ ಕಂಡಿಲ್ಲ. ಜೊತೆಗೆ ಬಂದ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದಾಗ ಕೆಲಸ ಮಾಡುವ ಸ್ವಿಚ್) 1 ಬಾರ್‌ಗೆ ಹೊಂದಿಸಿ ಅಲಾರಂಗೆ ಜೋಡಿಸಿದ್ದೇವೆ.

ದಿನನಿತ್ಯದ ಬಳಕೆಯಲ್ಲಿ ಮುಳ್ಳಿನ ಅಂಕಿಗಿಂತ ಅದರ ನಡತೆಯನ್ನು ಓದುವುದನ್ನು ಕಲಿಯಬೇಕಾಯಿತು. ಯಂತ್ರ ಶುರುವಾದ ಹೊಸತರಲ್ಲಿ ಎಣ್ಣೆ ತಣ್ಣಗೆ, ಗಟ್ಟಿಯಾಗಿರುವುದರಿಂದ ಶುದ್ಧ ಫಿಲ್ಟರ್ ಕೂಡ ಕಟ್ಟಿಕೊಂಡಂತೆ ತೋರಿ ಅಲಾರಂ ಹೊಡೆಯುತ್ತದೆ. ಎಣ್ಣೆ ಕಾದ ಮೇಲಿನ ಅಂಕಿಯನ್ನಷ್ಟೇ ಲಾಗ್‌ಬುಕ್ಕಿಗೆ ಬರೆಯಬೇಕು. ವಾರಗಳಿಂದ ನಿಧಾನವಾಗಿ ಏರುತ್ತಿದ್ದ ಮುಳ್ಳು ಒಮ್ಮೆಲೇ ಇಳಿದರೆ ಸಂತೋಷಪಡುವಂತಿಲ್ಲ. ಎಲಿಮೆಂಟ್ ಹರಿದಿರಬಹುದು, ಇಲ್ಲವೇ ಫಿಲ್ಟರನ್ನು ತಪ್ಪಿಸಿ ಎಣ್ಣೆ ಬಿಡುವ ಬೈಪಾಸ್ ವಾಲ್ವ್ ತೆರೆದುಕೊಂಡು ಕೊಳಕು ಎಣ್ಣೆ ನೇರವಾಗಿ ಬೇರಿಂಗಿಗೆ ಹೋಗುತ್ತಿರಬಹುದು.

ದೂರುಗಳೂ ಇವೆ. ಎರಡು ಪೋರ್ಟ್‌ಗಳ ಪಕ್ಕದಲ್ಲಿ ಹೈ, ಲೋ ಎಂಬ ಗುರುತುಗಳನ್ನು ಲೋಹದಲ್ಲೇ ಅಚ್ಚೊತ್ತಿದ್ದು, ಮೇಲೆ ಬಣ್ಣ ಬಳಿದಿರುವುದರಿಂದ ಬ್ಯಾಟರಿ ಹಿಡಿದು ನೋಡಿದರೂ ಸರಿಯಾಗಿ ಕಾಣುವುದಿಲ್ಲ. ನಮ್ಮ ಫಿಟ್ಟರ್ ಪೈಪುಗಳನ್ನು ಅದಲುಬದಲಾಗಿ ಜೋಡಿಸಿದ. ಮುಳ್ಳು ಒಂಬತ್ತು ದಿನ ಸೊನ್ನೆಯ ಮೇಲೆಯೇ ಕುಳಿತಿತ್ತು, ನಾವು ಹೊಸ ಎಲಿಮೆಂಟಿನ ಗುಣವನ್ನು ಹೊಗಳುತ್ತಿದ್ದೆವು! ಇನ್ನೊಂದು ಕೊರತೆಯೆಂದರೆ, ಲೈನಿನ ಒತ್ತಡ 100 ಬಾರ್‌ವರೆಗೆ ತಡೆಯುತ್ತದೆ ಎಂದು ಕೈಪಿಡಿಯಲ್ಲಿ ಬರೆದವರು, ಆ ಒತ್ತಡ ಒಂದೇ ಬದಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಹೇಳಿಲ್ಲ. ಆದ್ದರಿಂದ ಮೂರು ವಾಲ್ವ್‌ಗಳ ಮ್ಯಾನಿಫೋಲ್ಡನ್ನು ಪ್ರತ್ಯೇಕವಾಗಿ ಕೊಂಡು ಹಾಕಿದೆವು. ಅದರಿಂದ ಒಂದು ಬದಿಯ ವಾಲ್ವ್ ಮುಚ್ಚಿ, ಎರಡೂ ಬದಿಯ ಒತ್ತಡವನ್ನು ಸಮ ಮಾಡುವ ನಡುವಿನ ಈಕ್ವಲೈಸಿಂಗ್ ವಾಲ್ವ್ ತೆರೆದು, ಮುಳ್ಳು ಸೊನ್ನೆಗೆ ಬರುತ್ತದೆಯೇ ಎಂದು ಲೈನ್ ನಿಲ್ಲಿಸದೆಯೇ ಪರೀಕ್ಷಿಸಬಹುದು.

ಇದೇ ಗೇಜನ್ನು ಎಲ್ಲ ಕಡೆಗೂ ಹಾಕಲು ಹೊರಡಬಾರದು. ಪಿಸ್ಟನ್ನಿನ ಸುತ್ತ ಎಣ್ಣೆ ಸ್ವಲ್ಪಸ್ವಲ್ಪವೇ ಒಂದು ಬದಿಯಿಂದ ಇನ್ನೊಂದಕ್ಕೆ ಜಾರುತ್ತಿರುತ್ತದೆ. ಫಿಲ್ಟರಿನಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಮುಚ್ಚಿದ ಟ್ಯಾಂಕಿನ ಮಟ್ಟ ಅಳೆಯುವಾಗ ಮೇಲಿನ ಅನಿಲವೂ ಕೆಳಗಿನ ದ್ರವವೂ ಬೆರೆಯಬಾರದಾದ್ದರಿಂದ ಅಲ್ಲಿಗೆ ಎರಡು ಬದಿಗಳ ನಡುವೆ ತೆಳು ಪೊರೆಯಿರುವ ಡಯಾಫ್ರಾಂ ಮಾದರಿಯೇ ಬೇಕು. ಕ್ಲೀನ್‌ರೂಮಿನ ಪಕ್ಕಪಕ್ಕದ ಕೋಣೆಗಳ ನಡುವಿನ 10–15 ಪ್ಯಾಸ್ಕಲ್ ವ್ಯತ್ಯಾಸಕ್ಕಂತೂ ಇದರ ಮುಳ್ಳು ಅಲುಗುವುದೂ ಇಲ್ಲ. ಪೈಪಿನೊಳಗೆ ಆರಿಫಿಸ್ ಪ್ಲೇಟ್ (ನಡುವೆ ತೂತಿರುವ ತಟ್ಟೆ) ಹಾಕಿ ಹರಿವು ಅಳೆಯುವುದಕ್ಕೂ ಇದು ನನಗೆ ಹಿಡಿಸಲಿಲ್ಲ: ಹರಿವು ಅರ್ಧವಾದರೆ ಒತ್ತಡ ವ್ಯತ್ಯಾಸ ಕಾಲುಭಾಗಕ್ಕೆ ಇಳಿಯುವುದರಿಂದ, ಕಡಿಮೆ ಹರಿವಿನಲ್ಲಿ ಶೇ 2ರ ದೋಷವೇ ದೊಡ್ಡದಾಗಿಬಿಡುತ್ತದೆ.

ಎರಡನೆಯ ಫಿಲ್ಟರಿಗೂ ಇದನ್ನೇ ತರಿಸಿದ್ದೇವೆ. ಈ ಸಲ ಪೋರ್ಟ್‌ಗಳಿಗೆ ಕೆಂಪು, ನೀಲಿ ಬಣ್ಣ ಬಳಿದ ಮೇಲೆಯೇ ಫಿಟ್ಟರ್ ಕೈಗೆ ಕೊಟ್ಟೆವು.